ಉಚಿತ ತಂತ್ರಾಂಶ, ಒಪ್ಪದ ಯಂತ್ರ: ಲಿನಕ್ಸ್‌ಗೆ ಹೊರಳುವ ಮುನ್ನ ವ್ಯಾಪಾರಿಗಳು ನೋಡಬೇಕಾದುದು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಬೆಳಗಾವಿಯ ರವಿವಾರ ಪೇಟೆಯ ಸಗಟು ಮಳಿಗೆಗಳಿಂದ ಉದ್ಯಮಬಾಗದ ಎರಕದ ಘಟಕಗಳವರೆಗೆ, ಶಹಾಪುರ-ವಡಗಾವಿಯ ಸೀರೆ ವ್ಯಾಪಾರಿಗಳಿಂದ ಖಾನಾಪುರದ ಹಂಚು-ಇಟ್ಟಿಗೆ ತಯಾರಕರವರೆಗೆ, ಲೆಕ್ಕಪತ್ರಕ್ಕೆಂದು ಮೇಜಿನ ಮೇಲೊಂದು ಲ್ಯಾಪ್‌ಟಾಪ್ ಇಲ್ಲದ ವ್ಯವಹಾರ ಇಂದು ಅಪರೂಪ. ಆ ಯಂತ್ರಗಳಲ್ಲಿ 2018ಕ್ಕೆ ಮೊದಲು ಕೊಂಡವುಗಳ ಮಾಲೀಕರಿಗೆಲ್ಲ ಆ ದಿನದಿಂದ ಒಂದು ಪ್ರಶ್ನೆ ಎದುರಾಗಿದೆ. ಚೆನ್ನಾಗಿಯೇ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ, ಸುರಕ್ಷತೆಯಿಲ್ಲದೆಯೇ ಬ್ಯಾಂಕಿನ ವ್ಯವಹಾರ ಮುಂದುವರಿಸಬೇಕೆ, ಅಥವಾ ಬೇರೆ ದಾರಿ ಹಿಡಿಯಬೇಕೆ?

ಬೇರೆ ದಾರಿಯ ಹೆಸರು ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಮೊದಲಾದ ಹೆಸರುಗಳಲ್ಲಿ ದೊರೆಯುವ ಈ ಮುಕ್ತ ಕಾರ್ಯಾಚರಣ ವ್ಯವಸ್ಥೆಗೆ ಬೆಲೆಯಿಲ್ಲ, ಪರವಾನಗಿಯ ಶುಲ್ಕವಿಲ್ಲ. ಆದರೆ ಬೆಲೆಯಿಲ್ಲದ ವಸ್ತುವಿಗೆ ಖರ್ಚೇ ಇಲ್ಲವೆಂದು ವ್ಯಾಪಾರಿಯಾದವನು ತಿಳಿಯಲಾರ. ಲಿನಕ್ಸ್‌ನ ಖರ್ಚು ಅಡಗಿರುವುದು ಯಂತ್ರಾಂಶದಲ್ಲಿ, ಎಂದರೆ ಹಾರ್ಡ್‌ವೇರ್‌ನಲ್ಲಿ. ಹೊಂದುವ ಯಂತ್ರವಿದ್ದರೆ ಅದು ನಿಜಕ್ಕೂ ಉಚಿತ. ಹೊಂದದಿದ್ದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದಂತೆ. ಈ ಹೊಂದಾಣಿಕೆಯನ್ನು ಮೊದಲೇ ಪರೀಕ್ಷಿಸುವ ರೂಢಿ ನಮ್ಮ ವ್ಯಾಪಾರಿ ವಲಯದಲ್ಲಿ ಬೆಳೆಯದ ಹೊರತು ಮುಕ್ತ ತಂತ್ರಾಂಶದ ಲಾಭ ಸಣ್ಣ ಉದ್ಯಮಗಳಿಗೆ ದಕ್ಕದು.

ಯಂತ್ರ ಕೆಟ್ಟಿಲ್ಲ, ನಿಯಮ ಬದಲಾಗಿದೆ

ವಿಂಡೋಸ್ 11 ನಡೆಯಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್, ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಇರಬೇಕು. ಇಂಟೆಲ್ ಸಂಸ್ಕಾರಕವಾದರೆ ಅದು ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು ಅಥವಾ ಅನಂತರದ್ದಾಗಿರಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರ ಉತ್ತರಾರ್ಧದಲ್ಲಿ. ಅದಕ್ಕೆ ಹಿಂದಿನ ಯಂತ್ರಗಳು ಪಟ್ಟಿ ಬರೆಯಲು, ಇ-ವೇ ಬಿಲ್ ತೆಗೆಯಲು, ಪತ್ರ ವ್ಯವಹಾರ ನಡೆಸಲು ಇಂದಿಗೂ ಸಮರ್ಥವಾಗಿದ್ದರೂ ಈ ನಿಯಮದಂತೆ ಅನರ್ಹವಾದವು.

ಹಣ ತೆತ್ತು ವಿಂಡೋಸ್ 10ರ ಆಯುಷ್ಯವನ್ನು ಹಿಗ್ಗಿಸುವ ಏರ್ಪಾಡನ್ನೂ ಮೈಕ್ರೋಸಾಫ್ಟ್ ಪ್ರಕಟಿಸಿತು. ಸಂಸ್ಥೆಗಳಿಗೆ ಮೊದಲ ವರ್ಷಕ್ಕೆ ಪ್ರತಿ ಯಂತ್ರಕ್ಕೆ 61 ಡಾಲರ್, ಅನಂತರ ವರ್ಷದಿಂದ ವರ್ಷಕ್ಕೆ ಇಮ್ಮಡಿ, ಒಟ್ಟು ಮೂರು ವರ್ಷದವರೆಗೆ ಮಾತ್ರ. ನಾಲ್ಕೈದು ಹಳೆಯ ಯಂತ್ರಗಳಿರುವ ಸಣ್ಣ ಘಟಕಕ್ಕೆ ಇದು ಯಂತ್ರದ ಬೆಲೆಯನ್ನೇ ಮೀರುವ ಲೆಕ್ಕ. ಇನ್ನು ಅನುಮತಿಯಿಲ್ಲದ ನಕಲು ವಿಂಡೋಸ್ ಹಾಕಿಸಿಕೊಳ್ಳುವ ಹಳೆಯ ಚಾಳಿಯಂತೂ ಕಾನೂನಿಗೂ ಸುರಕ್ಷತೆಗೂ ವಿರುದ್ಧವಾದುದು. ಬ್ಯಾಂಕ್ ಖಾತೆಯ ಗುಪ್ತಪದ, ತೆರಿಗೆ ಕಡತ, ಗ್ರಾಹಕರ ಬಾಕಿಯ ಲೆಕ್ಕಗಳೆಲ್ಲ ಇರುವ ಯಂತ್ರವನ್ನು ಹೀಗೆ ತೆರೆದಿಡುವುದು ತಿಜೋರಿಗೆ ಬೀಗ ಹಾಕದೆ ಅಂಗಡಿ ಮುಚ್ಚಿದಂತೆ. ಆದುದರಿಂದ ಲಿನಕ್ಸ್‌ನತ್ತ ನೋಡುವುದು ಇಂದು ಹವ್ಯಾಸಿಗಳ ವಿಷಯವಾಗಿ ಉಳಿದಿಲ್ಲ.

ಹೊಂದಾಣಿಕೆಯ ತೊಡಕು ಹುಟ್ಟುವುದೆಲ್ಲಿ?

ಯಾವುದೇ ಯಂತ್ರಭಾಗ ಕಾರ್ಯಾಚರಣ ವ್ಯವಸ್ಥೆಯೊಡನೆ ಮಾತನಾಡಲು ನಡುವೆ ಒಬ್ಬ ದುಭಾಷಿ ಬೇಕು. ಅದಕ್ಕೆ ಡ್ರೈವರ್ ಎಂದು ಹೆಸರು. ವಿಂಡೋಸ್‌ಗೆ ಈ ದುಭಾಷಿಯನ್ನು ಯಂತ್ರ ತಯಾರಕರೇ ಬರೆದು ಕೊಡುತ್ತಾರೆ. ಲಿನಕ್ಸ್‌ಗೆ ಕೆಲವರು ಬರೆದು ಕೊಡುತ್ತಾರೆ, ಕೆಲವರು ಯಂತ್ರದ ವಿವರಗಳನ್ನಷ್ಟೇ ಪ್ರಕಟಿಸುತ್ತಾರೆ, ಇನ್ನು ಕೆಲವರು ಏನನ್ನೂ ಕೊಡುವುದಿಲ್ಲ. ಕೊನೆಯ ಗುಂಪಿನ ಯಂತ್ರಗಳಿಗೆ ಸ್ವಯಂಸೇವಕರೇ ಒಳಹೊಕ್ಕು ನೋಡಿ ಡ್ರೈವರ್ ಬರೆಯಬೇಕಾಗುತ್ತದೆ.

ಮುಕ್ತ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಇಂತಹ ಒಂದು ತೊಡಕಿನಿಂದ ಎಂಬುದು ಗಮನಾರ್ಹ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಶಾಲೆಗೆ ಜೆರಾಕ್ಸ್ ಕಂಪನಿಯ ಲೇಸರ್ ಮುದ್ರಕವೊಂದು ಬಂದಿತು. ಅದರಲ್ಲಿ ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸೂಚನೆ ಹೋಗುವಂತೆ ತಿದ್ದಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಮುದ್ರಕದ ತಂತ್ರಾಂಶದ ಮೂಲ ಬರಹ ಅವರಿಗೆ ದೊರೆಯಲಿಲ್ಲ. ಕೊಂಡವನಿಗೆ ತನ್ನ ಯಂತ್ರವನ್ನು ರಿಪೇರಿ ಮಾಡಿಕೊಳ್ಳುವ ಹಕ್ಕಿಲ್ಲವೇ ಎಂಬ ಪ್ರಶ್ನೆಯೇ 1983ರ ಸೆಪ್ಟೆಂಬರ್‌ನಲ್ಲಿ ಅವರು ಘೋಷಿಸಿದ ಗ್ನೂ ಯೋಜನೆಯ ಹಿಂದಿನ ಪ್ರೇರಣೆಗಳಲ್ಲಿ ಒಂದಾಯಿತು. 1991ರಲ್ಲಿ ಫಿನ್ಲೆಂಡಿನ ಲೈನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳು ಅದಕ್ಕೆ ಜೊತೆಯಾಯಿತು. ಅಂದು ಮುದ್ರಕದಲ್ಲಿ ಹುಟ್ಟಿದ ಪ್ರಶ್ನೆಗೆ ಇಂದಿಗೂ ಪೂರ್ಣ ಉತ್ತರ ಸಿಕ್ಕಿಲ್ಲ. ಆದರೆ ಸ್ಥಿತಿ ಬಹಳಷ್ಟು ಸುಧಾರಿಸಿದೆ. ವೈ-ಫೈ ಚಿಪ್ ತಯಾರಿಸುವ ಬ್ರಾಡ್‌ಕಾಮ್ 2010ರಲ್ಲಿಯೂ, ಚಿತ್ರ ಸಂಸ್ಕಾರಕಗಳ ಎನ್‌ವಿಡಿಯಾ 2022ರಲ್ಲಿಯೂ ತಮ್ಮ ಡ್ರೈವರ್‌ಗಳ ಭಾಗಗಳನ್ನು ಮುಕ್ತವಾಗಿ ಪ್ರಕಟಿಸಿದವು.

ಲ್ಯಾಪ್‌ಟಾಪ್‌ನ ಒಳಗೆ

ಲಿನಕ್ಸ್ ವಿಷಯದಲ್ಲಿ ಐದಾರು ವರ್ಷ ಹಳೆಯದಾದ ಲ್ಯಾಪ್‌ಟಾಪ್ ನಿನ್ನೆ ಮಾರುಕಟ್ಟೆಗೆ ಬಂದ ಲ್ಯಾಪ್‌ಟಾಪಿಗಿಂತ ಸಾಮಾನ್ಯವಾಗಿ ಹೆಚ್ಚು ನಂಬಿಕೆಗೆ ಅರ್ಹ. ಹೊಸ ಚಿಪ್ ಬಂದಮೇಲೆ ಅದರ ಡ್ರೈವರ್ ಲಿನಕ್ಸ್ ತಿರುಳಿಗೆ ಸೇರಲು ಕಾಲ ಬೇಕಾಗುವುದೇ ಇದಕ್ಕೆ ಕಾರಣ. ಅಗ್ಗದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಬಂದ ರಿಯಲ್‌ಟೆಕ್ ಕಂಪನಿಯ 8821ಸಿಇ ಎಂಬ ವೈ-ಫೈ ಚಿಪ್ ಇದಕ್ಕೆ ಒಳ್ಳೆಯ ಉದಾಹರಣೆ. 2020ರ ಅಕ್ಟೋಬರ್‌ನಲ್ಲಿ ಬಂದ 5.9ನೆಯ ಆವೃತ್ತಿಯವರೆಗೆ ಲಿನಕ್ಸ್ ತಿರುಳಿನಲ್ಲಿ ಅದಕ್ಕೆ ಡ್ರೈವರ್ ಇರಲಿಲ್ಲ. ಬಳಕೆದಾರರು ಹೊರಗಿನಿಂದ ತಂದು ಸೇರಿಸಬೇಕಾಗಿತ್ತು. ಈಗ ಅದೇ ಯಂತ್ರ ಹೊಸ ಆವೃತ್ತಿಯಲ್ಲಿ ತಾನಾಗಿ ಅಂತರ್ಜಾಲಕ್ಕೆ ಸೇರುತ್ತದೆ. ಇಂಟೆಲ್ ವೈ-ಫೈ ಚಿಪ್‌ಗಳು ಮೊದಲಿನಿಂದಲೂ ತೊಂದರೆ ಕಡಿಮೆ. ಬ್ರಾಡ್‌ಕಾಮ್‌ನ ಹಲವು ಚಿಪ್‌ಗಳಿಗೆ ಪ್ರತ್ಯೇಕ ಡ್ರೈವರ್ ಸೇರಿಸಬೇಕು. ವೈ-ಫೈ ಹಿಡಿಯದಿದ್ದರೆ ತಾತ್ಕಾಲಿಕವಾಗಿ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರ ಅಂತರ್ಜಾಲವನ್ನೇ ಬಳಸಿ ಡ್ರೈವರ್ ತರಿಸಿಕೊಳ್ಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಂದೇ ಮಾದರಿಯ ಹೆಸರಿನಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ತಂಡದಿಂದ ತಂಡಕ್ಕೆ ವೈ-ಫೈ ಚಿಪ್ ಬೇರೆಯಾಗಿರುವುದುಂಟು. ಮೂಟೆಯ ಮೇಲಿನ ಮುದ್ರೆ ಒಂದೇ, ಒಳಗಿನ ಸರಕು ಬೇರೆ. ಆದುದರಿಂದ ನೆರೆಯ ಅಂಗಡಿಯವನ ಯಂತ್ರದಲ್ಲಿ ನಡೆಯಿತೆಂಬುದು ಸಾಕ್ಷ್ಯವಾಗದು.

ಬೆರಳಚ್ಚಿನಿಂದ ತೆರೆಯುವ ಸೌಲಭ್ಯ ಲಿನಕ್ಸ್‌ನಲ್ಲಿ ಅನೇಕ ಮಾದರಿಗಳಲ್ಲಿ ಕೆಲಸ ಮಾಡದು. ಗುಪ್ತಪದ ಬಳಸುವವರಿಗೆ ಅದೊಂದು ದೊಡ್ಡ ನಷ್ಟವಲ್ಲ. ಹೆಚ್ಚು ಗಮನಿಸಬೇಕಾದುದು ಮುಚ್ಚಳ ಮುಚ್ಚಿದಾಗ ಯಂತ್ರ ಮಲಗಿ, ತೆರೆದಾಗ ಸರಿಯಾಗಿ ಏಳುತ್ತದೆಯೇ ಎಂಬುದು. ಇದನ್ನು ಪರೀಕ್ಷಿಸದೆ ಹೊರಳಿದವರು ಬಿಲ್ ಬರೆಯುವ ನಡುವೆ ಕಪ್ಪು ಪರದೆ ನೋಡಬೇಕಾದೀತು. ಮಳೆಗಾಲದಲ್ಲಿ ವಿದ್ಯುತ್ ಪದೇ ಪದೇ ಕೈಕೊಡುವ ಖಾನಾಪುರದಂತಹ ಊರಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂಬುದನ್ನೂ ಲಿನಕ್ಸ್‌ನಲ್ಲಿಯೇ ಅಳೆದು ನೋಡಬೇಕು. ತೀರ ಹಳೆಯ 32 ಬಿಟ್ ಯಂತ್ರಗಳ ಮೇಲೆ ಶ್ರಮ ವ್ಯಯಿಸುವುದು ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅಂತಹ ಯಂತ್ರಗಳಲ್ಲಿ ಹೊಸದಾಗಿ ಸ್ಥಾಪಿಸುವ ಅವಕಾಶವನ್ನು ಕೈಬಿಟ್ಟಿದೆ.

ಮುದ್ರಕವೇ ತೀರ್ಪುಗಾರ

ಅಂಗಡಿಯಲ್ಲಿ ಲಿನಕ್ಸ್ ಉಳಿಯುವುದೋ ಹೋಗುವುದೋ ಎಂಬುದನ್ನು ಹಲವೊಮ್ಮೆ ನಿರ್ಧರಿಸುವುದು ಲ್ಯಾಪ್‌ಟಾಪ್ ಅಲ್ಲ, ಅದರ ಪಕ್ಕದ ಮುದ್ರಕ. ನಮ್ಮ ಪೇಟೆಗಳಲ್ಲಿ ವರ್ಷಗಳಿಂದ ದುಡಿಯುತ್ತಿರುವ ಎರಡು ಲೇಸರ್ ಮುದ್ರಕಗಳ ಸ್ವಭಾವವನ್ನು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಎಚ್‌ಪಿ ಲೇಸರ್‌ಜೆಟ್ 1020 ಮುದ್ರಕವು ಪ್ರತಿ ಸಲ ಚಾಲೂ ಮಾಡಿದಾಗ ತನ್ನ ಒಳತಂತ್ರಾಂಶವನ್ನು ಗಣಕದಿಂದಲೇ ತರಿಸಿಕೊಳ್ಳುತ್ತದೆ. ಎಚ್‌ಪಿ ಸಂಸ್ಥೆಯೇ ಲಿನಕ್ಸ್‌ಗಾಗಿ ನೀಡುವ ಎಚ್‌ಪ್ಲಿಪ್ ತಂತ್ರಾಂಶದೊಡನೆ ಒಂದು ಹೆಚ್ಚುವರಿ ಭಾಗವನ್ನು ಒಮ್ಮೆ ಇಳಿಸಿಕೊಂಡರೆ ಅದು ಸರಾಗವಾಗಿ ನಡೆಯುತ್ತದೆ. ಕ್ಯಾನನ್ ಎಲ್‌ಬಿಪಿ 2900ರ ಸಂಗತಿ ಬೇರೆ. ಅದು ಬಳಸುವುದು ಕ್ಯಾಪ್ಟ್ ಎಂಬ ಕ್ಯಾನನ್‌ನ ಸ್ವಂತ ಭಾಷೆ. ಅದಕ್ಕೆ ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದಾಗಿದ್ದು, ಹೊಸ ಆವೃತ್ತಿಗಳಲ್ಲಿ ಅದನ್ನು ನೆಲೆಗೊಳಿಸಲು ಅನುಭವಿಯ ಕೈ ಬೇಕು. ಎರಡೂ ವಿಂಡೋಸ್‌ನಲ್ಲಿ ಸಮಾನ. ಲಿನಕ್ಸ್‌ನಲ್ಲಿ ಒಂದು ಅರ್ಧ ಗಂಟೆಯ ಕೆಲಸ, ಇನ್ನೊಂದು ಅರ್ಧ ದಿನದ್ದು.

ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು ಬಹುತೇಕ ಎಪ್ಸನ್ ಕಂಪನಿಯ ಹಳೆಯ ಆಜ್ಞಾಭಾಷೆಯನ್ನೇ ಅನುಸರಿಸುವುದರಿಂದ ಅವುಗಳನ್ನು ಒಗ್ಗಿಸುವುದು ಸಾಮಾನ್ಯವಾಗಿ ಕಷ್ಟವಲ್ಲ. ಎಪ್ಸನ್ ಇಂಕ್ ಟ್ಯಾಂಕ್ ಮುದ್ರಕಗಳಿಗೆ ಕಂಪನಿಯೇ ಲಿನಕ್ಸ್ ಡ್ರೈವರ್ ಕೊಡುತ್ತದೆ. ಈಚಿನ ವರ್ಷಗಳ ಜಾಲಬಂಧ ಮುದ್ರಕಗಳಲ್ಲಿ ಐಪಿಪಿ ಎವ್ರಿವೇರ್ ಅಥವಾ ಏರ್‌ಪ್ರಿಂಟ್ ಸೌಲಭ್ಯವಿದ್ದರೆ ಪ್ರತ್ಯೇಕ ಡ್ರೈವರ್‌ನ ಗೊಡವೆಯೇ ಇಲ್ಲ. ಹೊಸ ಮುದ್ರಕ ಕೊಳ್ಳುವವರು ಪೆಟ್ಟಿಗೆಯ ಮೇಲೆ ಈ ಹೆಸರುಗಳಿವೆಯೇ ಎಂದು ನೋಡಿಕೊಂಡರೆ ಮುಂದಿನ ಹಲವು ವರ್ಷಗಳ ತಲೆನೋವು ತಪ್ಪೀತು. ಬಾರ್‌ಕೋಡ್ ಓದುಗಗಳು ಬಹುಪಾಲು ಕೀಲಿಮಣೆಯಂತೆಯೇ ವರ್ತಿಸುವುದರಿಂದ ಅವುಗಳ ಬಗ್ಗೆ ಚಿಂತೆ ಬೇಡ. ಆಧಾರ್ ಬೆರಳಚ್ಚಿನಿಂದ ಹಣ ಪಾವತಿ ಮಾಡುವ ಸೇವಾ ಅಂಗಡಿಯವರು ಮಾತ್ರ ತಮ್ಮ ಸಾಧನದ ಮಾರಾಟಗಾರನನ್ನು ಕೇಳದೆ ಮುಂದುವರಿಯಬಾರದು. ಆ ಸಾಧನಗಳ ಸೇವಾ ತಂತ್ರಾಂಶ ಮುಖ್ಯವಾಗಿ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗಾಗಿ ರಚಿತವಾದುದು.

ಕಾರ್ಖಾನೆಯ ಅಂಗಳದಲ್ಲಿ

ಉದ್ಯಮಬಾಗ ಮತ್ತು ಮಚ್ಛೆಯ ಯಂತ್ರಶಾಲೆಗಳ ಪ್ರಶ್ನೆ ಅಂಗಡಿಗಳದ್ದಕ್ಕಿಂತ ಭಿನ್ನ. ಹಳೆಯ ಸಿಎನ್‌ಸಿ ಯಂತ್ರಗಳಿಗೆ ಕಾರ್ಯಕ್ರಮ ಕಳುಹಿಸಲು, ತೂಕದ ಯಂತ್ರದಿಂದ ಅಂಕಿ ಪಡೆಯಲು ಆರ್‌ಎಸ್-232 ಸೀರಿಯಲ್ ಸಂಪರ್ಕ ಬೇಕು. ಇಂದಿನ ಲ್ಯಾಪ್‌ಟಾಪ್‌ಗಳಲ್ಲಿ ಆ ದ್ವಾರವಿಲ್ಲದ ಕಾರಣ ಯುಎಸ್‌ಬಿ ಪರಿವರ್ತಕ ತಂತಿ ಬಳಸಲಾಗುತ್ತದೆ. ಆ ತಂತಿಯೊಳಗೆ ಹೆಚ್ಚಾಗಿ ಇರುವುದು ಪ್ರೊಲಿಫಿಕ್ ಅಥವಾ ಎಫ್‌ಟಿಡಿಐ ಕಂಪನಿಯ ಚಿಪ್. ಪ್ರೊಲಿಫಿಕ್ ತನ್ನ ಹಳೆಯ ಚಿಪ್‌ಗಳಿಗೆ ಹೊಸ ವಿಂಡೋಸ್ ಡ್ರೈವರ್‌ಗಳಲ್ಲಿ ಬೆಂಬಲ ನಿಲ್ಲಿಸಿದೆ. ಎಫ್‌ಟಿಡಿಐ 2014ರಲ್ಲಿ ಹೊರಡಿಸಿದ ವಿಂಡೋಸ್ ಡ್ರೈವರ್ ಒಂದು ತನ್ನ ಚಿಪ್‌ನ ನಕಲುಗಳನ್ನು ನಿಷ್ಕ್ರಿಯಗೊಳಿಸಿ ಲೋಕವಿಡೀ ಗದ್ದಲವೆಬ್ಬಿಸಿತು. ತನಗೆ ತಿಳಿಯದೆಯೇ ನಕಲು ಚಿಪ್ ಇರುವ ತಂತಿ ಕೊಂಡವನೂ ಅದರ ಪೆಟ್ಟು ತಿನ್ನಬೇಕಾಯಿತು.

ಲಿನಕ್ಸ್‌ನಲ್ಲಿ ಈ ಎರಡೂ ಚಿಪ್‌ಗಳ ಡ್ರೈವರ್ ತಿರುಳಿನ ಭಾಗವಾಗಿಯೇ ಇದೆ. ಹಳೆಯ ಚಿಪ್‌ಗಳೂ ಸಾಮಾನ್ಯವಾಗಿ ಇಂದಿಗೂ ನಡೆಯುತ್ತವೆ. ವಿಂಡೋಸ್ ಕೈಬಿಟ್ಟ ಯಂತ್ರಾಂಶವನ್ನು ಲಿನಕ್ಸ್ ಹಿಡಿದು ನಿಲ್ಲಿಸಿದ ಉದಾಹರಣೆಯಿದು. ಆದರೆ ಆಟೊಕ್ಯಾಡ್, ಸಾಲಿಡ್‌ವರ್ಕ್ಸ್ ಮುಂತಾದ ವಿನ್ಯಾಸ ತಂತ್ರಾಂಶಗಳ ಮೇಲೆ ನಿಂತ ಘಟಕಗಳಿಗೆ ಲಿನಕ್ಸ್ ಆವೃತ್ತಿಯಿಲ್ಲ. ವಿನ್ಯಾಸದ ಮೇಜಿನಲ್ಲಿ ವಿಂಡೋಸ್, ಯಂತ್ರದ ಬಳಿ ಲಿನಕ್ಸ್ ಎಂಬ ವಿಭಾಗವೇ ಅಲ್ಲಿ ವಿವೇಕದ್ದು.

ತೆರಿಗೆ, ಸಹಿ ಮತ್ತು ಲೆಕ್ಕ

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಂದಿನಿಂದ ವ್ಯಾಪಾರಿಯ ಗಣಕ ಕಚೇರಿಯ ಅಲಂಕಾರವಾಗಿ ಉಳಿಯಲಿಲ್ಲ. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್, 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಇ-ಇನ್‌ವಾಯ್ಸ್ ಬಂದವು. ಇವುಗಳ ಜಾಲತಾಣಗಳು ಫೈರ್‌ಫಾಕ್ಸ್, ಕ್ರೋಮ್‌ಗಳಲ್ಲಿ ತೆರೆಯುವುದರಿಂದ ಲಿನಕ್ಸ್‌ನಲ್ಲಿಯೂ ನಡೆಯುತ್ತವೆ. ತೊಡಕು ಬರುವುದು ಸಹಿಯಲ್ಲಿ. ಏಕಮಾಲೀಕತ್ವದ ಅಂಗಡಿಯವರು ಮೊಬೈಲಿಗೆ ಬರುವ ಸಂಕೇತದಿಂದಲೇ ಜಿಎಸ್‌ಟಿ ವಿವರಪತ್ರ ಸಲ್ಲಿಸಬಹುದು; ಅವರಿಗೆ ಇದು ಸಮಸ್ಯೆಯೇ ಅಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಕಂಪನಿಗಳು ಮಾತ್ರ ತಮ್ಮ ಟೋಕನ್‌ನ ಮಾದರಿಗೆ ಲಿನಕ್ಸ್ ಡ್ರೈವರ್ ಇದೆಯೇ, ಆಯಾ ಜಾಲತಾಣದ ಸಹಿ ತಂತ್ರಾಂಶ ಅದನ್ನು ಗುರುತಿಸುತ್ತದೆಯೇ ಎಂಬ ಎರಡನ್ನೂ ವಿವರಪತ್ರದ ಕೊನೆಯ ದಿನಕ್ಕೆ ಬಹಳ ಮುಂಚೆಯೇ ಪರೀಕ್ಷಿಸಬೇಕು. ಎಕ್ಸೆಲ್ ಮ್ಯಾಕ್ರೋಗಳಿಂದ ರಚಿಸಿದ ನಮೂನೆಗಳು ಲಿಬ್ರೆ ಆಫೀಸಿನಲ್ಲಿ ಎಲ್ಲ ಸಂದರ್ಭದಲ್ಲಿಯೂ ನಡೆಯುತ್ತವೆಂದು ಹೇಳಲಾಗದು.

ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಲೆಕ್ಕ ತಂತ್ರಾಂಶ ವಿಂಡೋಸ್‌ಗಾಗಿಯೇ ರೂಪುಗೊಂಡುದು. ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಮೂಲಕ ಅದನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರಯತ್ನಗಳುಂಟು. ಆದರೆ ವರ್ಷದ ಲೆಕ್ಕವನ್ನು ಪ್ರಯತ್ನದ ಮೇಲೆ ನಿಲ್ಲಿಸುವುದು ತರವಲ್ಲ. ಟ್ಯಾಲಿಗೆ ಒಂದು ಹೊಸ ವಿಂಡೋಸ್ ಯಂತ್ರವಿರಲಿ, ಬಿಲ್, ಪತ್ರ, ಅಂತರ್ಜಾಲದ ಕೆಲಸಕ್ಕೆ ಹಳೆಯ ಯಂತ್ರಗಳು ಲಿನಕ್ಸ್‌ನಲ್ಲಿ ದುಡಿಯಲಿ. ನಾಲ್ಕು ಯಂತ್ರ ಕೊಳ್ಳಬೇಕಾದಲ್ಲಿ ಒಂದನ್ನು ಕೊಂಡರೂ ಉಳಿತಾಯ ಸಣ್ಣದಲ್ಲ.

ಕನ್ನಡದ ಬಗ್ಗೆ ಆತಂಕಕ್ಕೆ ಕಾರಣವಿಲ್ಲ. ಕನ್ನಡ ಗಣಕ ಪರಿಷತ್ತಿನ ಹೆಸರನ್ನೇ ಹೊತ್ತ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಲಭ್ಯವಿದೆ. ಮರಾಠಿಯಲ್ಲಿ ಪತ್ರ ಬರೆಯುವವರಿಗೆ ದೇವನಾಗರಿಯೂ ಇದೆ. ನುಡಿಯ ಹಳೆಯ ಅಕ್ಷರರೂಪದಲ್ಲಿ ಉಳಿಸಿಟ್ಟ ಕಡತಗಳನ್ನು ಮಾತ್ರ ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಲೇಸು.

ಕಾಸರಗೋಡಿನ ಶಾಲೆಗಳ ಪಾಠ

ಮುಕ್ತ ತಂತ್ರಾಂಶ ದೊಡ್ಡ ಪ್ರಮಾಣದಲ್ಲಿ ನಡೆಯಲಾರದೆಂಬ ವಾದಕ್ಕೆ ನೆರೆಯ ಕೇರಳ ಉತ್ತರ ಕೊಟ್ಟಿದೆ. ಅಲ್ಲಿನ ಶಾಲೆಗಳ ಗಣಕ ಶಿಕ್ಷಣವನ್ನು ನಡೆಸುವ ಕೈಟ್ ಸಂಸ್ಥೆಯು 2019ರಲ್ಲಿ ಉಬುಂಟು ಆಧಾರಿತವಾದ ತನ್ನದೇ ಆವೃತ್ತಿಯನ್ನು ಎರಡು ಲಕ್ಷಕ್ಕೂ ಮೀರಿದ ಶಾಲಾ ಗಣಕಗಳಿಗಾಗಿ ಹೊರತಂದಿತು. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳೂ ಅದೇ ವ್ಯವಸ್ಥೆಯೊಳಗಿವೆ. ಅಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆ ಎಂಬುದು ಮೊದಲು ತೀರ್ಮಾನವಾಯಿತು, ಯಂತ್ರಗಳು ಅನಂತರ ಬಂದವು. ನಮ್ಮ ಪೇಟೆಯಲ್ಲಿ ಇದರ ವಿರುದ್ಧ ಕ್ರಮ ನಡೆಯುತ್ತದೆ: ಯಂತ್ರವನ್ನು ಬೆಲೆ ನೋಡಿ ಕೊಂಡು, ಮುದ್ರಕವನ್ನು ರಿಯಾಯಿತಿ ನೋಡಿ ಕೊಂಡು, ಕೊನೆಗೆ ಅವುಗಳಿಗೆ ತಂತ್ರಾಂಶ ಹುಡುಕಲಾಗುತ್ತದೆ. ಅಚ್ಚು ಮಾಡಿಸಿದ ಮೇಲೆ ನಕ್ಷೆ ಕೇಳುವ ಎರಕದವನನ್ನು ಯಾರೂ ಮೆಚ್ಚುವುದಿಲ್ಲ.

ಆಗಬೇಕಾದುದೇನು?

ಮೊದಲನೆಯದಾಗಿ, ಪರೀಕ್ಷೆ. 8 ಜಿಬಿಯ ಒಂದು ಪೆನ್ ಡ್ರೈವ್‌ನಿಂದ ಲಿನಕ್ಸನ್ನು ಸ್ಥಾಪಿಸದೆಯೇ ಚಾಲೂ ಮಾಡಿ ನೋಡಬಹುದು. ಯಂತ್ರದಲ್ಲಿರುವ ಕಡತಗಳು ಹಾಗೆಯೇ ಇರುತ್ತವೆ. ವೈ-ಫೈ, ಧ್ವನಿ, ಕ್ಯಾಮೆರಾ, ಸ್ಪರ್ಶಫಲಕ, ಮುಚ್ಚಳ ಮುಚ್ಚಿ ತೆರೆಯುವುದು, ಹೊರಗಿನ ಪರದೆ, ಮುದ್ರಕ, ಸ್ಕ್ಯಾನರ್ ಇವಿಷ್ಟನ್ನು ಒಂದು ಕಾಗದದ ಮೇಲೆ ಬರೆದು ಒಂದೊಂದಾಗಿ ಗುರುತು ಹಾಕಬೇಕು. ಸಹಿಯ ಟೋಕನ್, ಹೆಚ್ಚುವರಿ ಡ್ರೈವರ್ ಬೇಡುವ ಮುದ್ರಕಗಳನ್ನು ಒಂದು ಯಂತ್ರದಲ್ಲಿ ಮಾತ್ರ ಲಿನಕ್ಸ್ ಸ್ಥಾಪಿಸಿ ಒಂದು ತಿಂಗಳು ನಡೆಸಿ ನೋಡುವುದು ಕ್ಷೇಮ. ಯಾವುದಕ್ಕೂ ಮೊದಲು ಎಲ್ಲ ಕಡತಗಳ ಪ್ರತಿ ಹೊರಗಿನ ಡಿಸ್ಕಿನಲ್ಲಿರಬೇಕು.

ಎರಡನೆಯದಾಗಿ, ಕರಾರು. ಹೊಸ ಲ್ಯಾಪ್‌ಟಾಪ್ ಅಥವಾ ಮುದ್ರಕ ಕೊಳ್ಳುವಾಗ "ಲಿನಕ್ಸ್‌ನಲ್ಲಿ ನಡೆಯುತ್ತದೆ" ಎಂಬ ಬಾಯಿಮಾತು ಸಾಲದು. ದರಪಟ್ಟಿಯ ಮೇಲೆ ಬರಹದಲ್ಲಿರಬೇಕು, ನಡೆಯದಿದ್ದರೆ ಹಿಂದಿರುಗಿಸುವ ಅವಧಿ ನಮೂದಾಗಿರಬೇಕು. ಕಬ್ಬಿಣದ ಮಿಶ್ರಣದ ಪ್ರಮಾಣಪತ್ರ ಕೇಳುವ ಉದ್ಯಮಿ ಗಣಕದ ವಿಷಯದಲ್ಲಿ ಮೌನ ವಹಿಸುವುದೇಕೆ? ಉಬುಂಟುವಿನ ಹಿಂದಿರುವ ಕ್ಯಾನೊನಿಕಲ್ ಸಂಸ್ಥೆ ತಾನು ಪರೀಕ್ಷಿಸಿ ದೃಢಪಡಿಸಿದ ಲ್ಯಾಪ್‌ಟಾಪ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಆಯ್ಕೆಗೆ ಅದೊಂದು ಆಧಾರ.

ಮೂರನೆಯದು ಒಬ್ಬೊಬ್ಬರಿಂದ ಆಗುವ ಕೆಲಸವಲ್ಲ. ಬೆಳಗಾವಿಯ ಅಂಗಡಿಯವನಿಗೆ ತಂತ್ರಜ್ಞ ಅರ್ಧ ಗಂಟೆಯಲ್ಲಿ ದೊರೆತಾನು. 26 ಕಿಲೋಮೀಟರ್ ಆಚೆ ಖಾನಾಪುರದವನಿಗೆ, ಅದಕ್ಕೂ ಆಚೆ ಲೋಂಡಾ, ನಂದಗಡದವನಿಗೆ ಅದು ಒಂದು ದಿನದ ವ್ಯಾಪಾರ ಕಳೆದುಕೊಳ್ಳುವ ಮಾತು. ಆದುದರಿಂದ ಯಾವ ಮಾದರಿಯ ಲ್ಯಾಪ್‌ಟಾಪ್, ಯಾವ ಮುದ್ರಕ, ಯಾವ ಟೋಕನ್ ಯಾವ ಆವೃತ್ತಿಯಲ್ಲಿ ನಡೆಯಿತು, ಯಾವುದು ನಡೆಯಲಿಲ್ಲ ಎಂಬ ಒಂದು ವಹಿಯನ್ನು ವಾಣಿಜ್ಯ ಸಂಘಟನೆಗಳು ತಮ್ಮ ಸದಸ್ಯರ ಅನುಭವದಿಂದ ಸಂಗ್ರಹಿಸಿ ಇಡುವುದು ಅತ್ಯವಶ್ಯ. ಉದ್ಯಮಬಾಗದಲ್ಲಿಯೇ ಗೋಗಟೆ ತಾಂತ್ರಿಕ ವಿದ್ಯಾಲಯವಿದೆ, ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರಸ್ಥಾನವಿದೆ. ತಿಂಗಳಿಗೊಂದು ದಿನ ವಿದ್ಯಾರ್ಥಿಗಳ ನೆರವಿನಿಂದ ಯಂತ್ರ ಪರೀಕ್ಷಾ ಶಿಬಿರ ನಡೆಸುವುದು, ವರ್ಷಕ್ಕೆ ಒಂದೆರಡು ಸಲ ಅದನ್ನು ಖಾನಾಪುರಕ್ಕೂ ಒಯ್ಯುವುದು ಹೆಚ್ಚಿನ ವೆಚ್ಚದ ಕಾರ್ಯವಲ್ಲ. ಹತ್ತು ಅಂಗಡಿಗಳು ಒಂದೊಂದಾಗಿ ಮಾಡುವ ತಪ್ಪನ್ನು ಒಂದು ವಹಿ ತಡೆಯಬಲ್ಲುದು.

ಲಿನಕ್ಸ್ ಎಲ್ಲರಿಗೂ ಒಗ್ಗುವ ಔಷಧವಲ್ಲ. ಹಾಗೆಂದು ಅದು ಸಣ್ಣ ವ್ಯಾಪಾರಿಯ ಕೈಗೆ ನಿಲುಕದ ವಿದ್ಯೆಯೂ ಅಲ್ಲ. ಕಾಳಿನ ಮೂಟೆಗೆ ಕಂಬಿ ಹಾಕಿ ಮಾದರಿ ತೆಗೆದು ನೋಡದೆ ಬೆಲೆ ಹೇಳದವರು ರವಿವಾರ ಪೇಟೆಯ ವ್ಯಾಪಾರಿಗಳು. ಗಣಕಯಂತ್ರಕ್ಕೂ ಅದೇ ಕಂಬಿ ಬೀಳಲಿ.